ಎರಡನೇ ಡಬ್ಬಿ

ಟ್ಯೂಬ್‌ಲೈಟಿನ ಕೆಳಗ ಎಲ್ಲಾ ಗಾಡಿ ಒಂದ ಬಣ್ಣ.
ಶಟರ್ ಎತ್ತಿ ಬಿಸಲಿಗಿ ತಳ್ಳಿದ ಮ್ಯಾಲ
ಗೊತ್ತಾಗ್ತೈತಿ ಪೇಂಟರನ ಹಣೇಬಾರ.

ಸಿಪ್ರಿಯಾನ್ ಸಾಹೇಬ ಒಂದ ಸುತ್ತ ಹಾಕಿದ.
ಬಾನೆಟ್ಟಿನ ಮುಂದ ನಿಂತ, ಹಿಂದ ಸರದ,
ಕಣ್ಣಿಗಿ ಅಂಗೈ ಅಡ್ಡ ಹಿಡದ.
ಮಡ್‌ಗಾರ್ಡು ಬೆಳ್ಳಿ,
ಎಡಗಡೆ ಎರಡೂ ಡೋರು ಮಬ್ಬು,
ಹಬ್ಬಕ್ಕ ತಿಕ್ಕಿದ ತಾಟಿನ ಮಗ್ಗಲಾಗ
ತಿಕ್ಕಲಾರದ ಚರಿಗಿ ಇಟ್ಟಂಗ.

ಬೈಲಿಲ್ಲ ಅಂವ. ಬೈದಿದ್ರ ಚೊಲೋ ಇತ್ತು.
ಅದಕ್ಕ ನಾನ ಮಾತಾಡಿದೆ:
ವಾಸ್ಕೋದ ಗಾಳಿ ಸುದ್ದ ಇಲ್ರಿ ಸಾಹೇಬ್ರ, ಬರೇ ಉಪ್ಪು.
ಬಂದರದ ಕಲ್ಲಿದ್ದಲ ದೂಳಿ
ಹಸಿ ಬಣ್ಣದ ಮ್ಯಾಲ ಇರುವಿ ಕುಂತಂಗ ಕೂಡ್ತೈತಿ.
ನಡೂ ಮಧ್ಯಾಹ್ನ ಕರೆಂಟ ಹೋತು,
ಕಂಪ್ರೆಸರ್ ಉಸುರ ಬಿಟ್ಟಿತು.
ಮೆಟಾಲಿಕ್ ಅಂದ್ರ ಹಂಗರಿ,
ನಿಂತ ನೋಡಿದ್ರ ಒಂದು, ಕುಂತ ನೋಡಿದ್ರ ಒಂದು.
ಕಂಪನಿ ಗಾಡೀಗೂ ಇರ್ತೈತಿ, ನೀವು ನೋಡಿರೂದಿಲ್ಲ.

ಹೇಳಿದ್ದೆಲ್ಲಾ ಖರೆ.
ಒಂದ ಡೋರಿಗಿ ಇಷ್ಟ್ಯಾಕ ಖರೆ ಬೇಕು?

ಮೂವತ್ತೊಂದು ವರ್ಷ
ಟಗ್ ಬೋಟಿನ ಸುಕ್ಕಾಣು ಹಿಡದ ಮನಶ್ಯಾ ಅಂವ.
ಅರ್ಧ ಕೊಂಕಣಿ, ಅರ್ಧ ಹಿಂದಿ,
ನನಗ ತಿಳದಿದ್ದು ಇಷ್ಟು:
"ದಾವಲ, ನೀರು ಎರಡ ಬಣ್ಣ ಕಂಡ್ರ
ನಾವು ಸೂರ್ಯಾನ ಬೈತಿರಲಿಲ್ಲ.
ಅಲ್ಲಿ ಆಳ ಬ್ಯಾರೆ ಐತಿ ಅಂತ
ಎಂಜಿನ್ ಸಣ್ಣ ಮಾಡ್ತಿದ್ವಿ."

ನನ್ನ ಬಾಯಿ ಕಟ್ಟಿತು.

ಬೆಳ್ಳಿ ಬಣ್ಣ ಅಂತೀವಲ್ಲ, ಅದು ಬಣ್ಣ ಅಲ್ಲ,
ಕಣ್ಣಿಗಿ ಸಿಗಲಾರದ ಅಲ್ಯೂಮಿನಿಯಮ್ಮಿನ ಹೊಟ್ಟು.
ಹಸಿ ಕೋಟಿನಾಗ ಮುಳುಗಿದ್ರ ಕರ್ರಗ,
ಒಣ ಕೋಟಿನಾಗ ತೇಲಿದ್ರ ಬೆಳ್ಳಗ.
ಡಬ್ಬ್ಯಾಗ ಸುಮ್ನ ಬಿಟ್ರ
ಬೇಳಿಯಂಗ ತಳಕ್ಕ ಕೂಡ್ತೈತಿ.
"ಕೋಲು ತಳಾ ಮುಟ್ಟೂತನಕ ಕಲಕಲೇ"
ಅಂತ ದಿನಾ ಬಸ್ಯಾನ ಬೈಯಾಂವ ನಾನ.

ಬಾಗಲಕೋಟಿ ಓಣಿ ಓಣಿ ತಿರಗಿ
ನಮ್ಮಪ್ಪ ಹತ್ತಿ ಹಿಂಜ್ತಿದ್ದ.
ಬಿಲ್ಲಿನ ದಾರ ಡಂವ್ ಡಂವ್ ಅಂತಿತ್ತು,
ಮೀಸಿ ಹುಬ್ಬು ಎಲ್ಲಾ ಬೆಳ್ಳಗ.
ಗಾದಿ ತುಂಬಿ, ಬಾಯಿ ಹೊಲಿಯೂ ಮೊದಲ
ಕಣ್ಣ ಮುಚ್ಚಿ ಅಂಗೈ ಆಡಸಾಂವ.
ಒಂದ ಗಂಟು ಹತ್ತಿದ್ರ ಎಲ್ಲಾ ಬಿಚ್ಚಾಂವ.
"ಮಲಗಾಂವ್ಗ ಏನ ಕಾಣಸ್ತೈತಿ, ಬಿಡಪಾ" ಅಂದ್ರ
"ಕಾಣಸೂದಿಲ್ಲ. ಬೆನ್ನಿಗಿ ಗೊತ್ತಾಗ್ತೈತಿ."

ಎರಡನೇ ಡಬ್ಬಿ ನಾ ಕಲಕಲಿಲ್ರಿ ಸಾಹೇಬ್ರ, ಅಂದೆ.
ಬಸ್ಯಾ ತಿಕ್ಕೂದು ಬಿಟ್ಟು ಮಾರಿ ಎತ್ತಿದ.
ಯಾಕ ಅಂತ ಸಾಹೇಬ ಕೇಳಲಿಲ್ಲ.
ಕಾರಣ ಇತ್ತು.
ಕಾರಣಕ್ಕ ಶೇಡ್ ಕಾರ್ಡಿನಾಗ ನಂಬರ ಇಲ್ಲ.

ಎರಡ ದಿನ.
ನೀರು, ಕಾಗದ, ನೀರು, ಕಾಗದ.
ನಾನ ಹೊಡದ ಬಣ್ಣ ನಾನ ಕೆರದೆ,
ಬೂದಿಬಣ್ಣದ ಕೆಸರ ಮೊಣಕೈಗಿ ಇಳೀತು.
ಡೋರಿಗಷ್ಟ ಹೊಡದ್ರ ಗೆರಿ ಬೀಳ್ತೈತಿ,
ಮಡ್‌ಗಾರ್ಡಿನ ಮ್ಯಾಲೂ ಒಂಚೂರು ಹೊಗಿಯಂಗ ಬಿಟ್ಟು,
ಎಲ್ಲಿ ಮುಗೀತು, ಎಲ್ಲಿ ಚಾಲೂ ಆತು
ನನಗ ತಿಳೀಲಾರದಂಗ ಹೊಂದಿಸಿದೆ.
ಸಾಹೇಬ ಥಿನ್ನರ ಬ್ಯಾರಲ್ ಮ್ಯಾಲ ಕುಂತು
ಪಾವ್ ತಿಂದ. ಬಸ್ಯಾಗೂ ಕೊಟ್ಟ.
ರೊಕ್ಕದ ಮಾತು ಯಾರೂ ಎತ್ತಲಿಲ್ಲ;
ಪೇಪರ್ ಖರ್ಚು ನಂದ, ಥಿನ್ನರ ನಂದ,
ಈ ತಿಂಗಳ ಶೆಡ್ಡಿನ ಬಾಡಿಗಿ ಹೆಂಗೋ.

ಸಂಜಿ ನಾಕಕ್ಕ ಹೊರಗ ತಗದ್ವಿ.
ಒಂದ ಬಣ್ಣ.
ಪೆಟ್ರೋಲ್ ಮುಚ್ಚಳದ ಕೆಳಗ
ಬೆರಳಗಲ ಒಂದ ಜಾಗಾ ಬಿಟ್ಟು.
ನನಗಷ್ಟ ಕಾಣ್ತೈತಿ ಅಂತ ಸುಮ್ನಾದೆ,
ಬಸ್ಯಾಗೂ ಹೇಳಲಿಲ್ಲ.

ಸಾಹೇಬ ಕೀಲಿ ಇಸಗೊಂಡ,
ಸುತ್ತ ಹಾಕಲಿಲ್ಲ ಈ ಸರ್ತಿ,
ಹತ್ತೂ ಮೊದಲ ಹಾದಿಮ್ಯಾಲ ಹೋಗೂ ಹಂಗ
ಆ ಮುಚ್ಚಳದ ಕೆಳಗ
ಬೆರಳಿನಿಂದ ಎರಡ ಸಲ ತಟ್ಟಿ
ಎಂಜಿನ್ ಸಣ್ಣಗ ಚಾಲೂ ಮಾಡಿದ.